ಒಣನೆಲದ ಜೆಟ್ಟಿ

ನರ್ಸಿಂಗ್ ಮುಗಿಸಿ ಗುಜರಾತಿಗೆ ಕೆಲಸಕ್ಕೆ ಬರುವ ನಮ್ಮ ಕಡೆಯ ಹುಡುಗಿಯರು ವಡೋದರಾದ ನನ್ನ ಮನೆಗೆ ಒಮ್ಮೆ ಬಂದು ಹೋಗುವುದುಂಟು. ಕಾಡಿನ ಕಡೆ ಹಾಕಿದ್ದಾರೆ ಎಂದು ಗೊತ್ತಾದವರು ಮೊದಲು ಹಾವಿನ ವಿಚಾರ ಕೇಳುತ್ತಾರೆ. ಆಮೇಲೆ ಮೊಬೈಲ್ ಸಿಗ್ನಲ್, ಆಮೇಲೆ ಬಾತ್‌ರೂಮು. ಎಲ್ಲಕ್ಕೂ ಉತ್ತರ ಹೇಳಿ ಕಳಿಸುತ್ತೇನೆ. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಇಲ್ಲಿಯವರೆಗೆ ಒಬ್ಬಳೂ ಕೇಳಿಲ್ಲ: ಈ ತಿಂಗಳು ನೀರು ಎಲ್ಲಿರುತ್ತದೆ?

ಆ ಪ್ರಶ್ನೆಯನ್ನು ನಮ್ಮ ಆಫೀಸೂ ಕೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೊನ್ನಾವರದ ಕಡೆಯವಳು, ದಿನಾ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಹೋದವಳು. ಸೈನ್ಯದ ಆಸ್ಪತ್ರೆಗಳಲ್ಲಿ ಬಹುಕಾಲ ಕೆಲಸ ಮಾಡಿ, ಎರಡು ಸಾವಿರದ ಇಸವಿಯ ಹೊತ್ತಿಗೆ ಸೂರತ್ತಿನ ಒಂದು ಆರೋಗ್ಯ ಟ್ರಸ್ಟಿಗೆ ಸೇರಿದೆ. ಟ್ರಸ್ಟಿನ ದೊಡ್ಡ ಆಫೀಸು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ಗಾಜಿನ ಬಾಗಿಲಿನ ಒಳಗೆ. ನಮ್ಮ ಕೆಲಸ ತಾಪಿ ನದಿಯ ಹಿನ್ನೀರಿನ ತುದಿಯಲ್ಲಿ. ಅಲ್ಲಿ ಒಂದು ಕಡೆ ನೀರು, ಇನ್ನೊಂದು ಕಡೆ ಸಾಗುವಾನಿ ಮತ್ತು ಬಿದಿರಿನ ಗುಡ್ಡ. ಗುಡ್ಡದ ಮಡಿಲಲ್ಲಿ ಅಲ್ಲೊಂದು ಇಲ್ಲೊಂದು ಆದಿವಾಸಿಗಳ ಹಳ್ಳಿ. ಕಟ್ಟಕಡೆಯದು ಖಾಖರಪಾಡಾ. ಅಲ್ಲಿಗೆ ನಮ್ಮ ಔಷಧಿ ದೋಣಿ ವಾರಕ್ಕೊಮ್ಮೆ ಹೋಗುತ್ತಿತ್ತು.

ದೋಣಿಯಲ್ಲಿ ನಾನು ಮತ್ತು ದೋಣಿ ನಡೆಸುವ ರಮಣ್‌ಭಾಯಿ. ಅವನದು ಮಾತು ಕಡಿಮೆ, ಬೀಡಿ ಜಾಸ್ತಿ. ಮೊದಲ ದಿನವೇ ಹೇಳಿದೆ, "ಔಷಧಿ ಡಬ್ಬದ ಪಕ್ಕ ಬೀಡಿ ಇಲ್ಲ." ಅವನು ದೋಣಿಯ ಹಿಂಬದಿಗೆ ಹೋಗಿ ಕೂತು, "ಇಲ್ಲಿ ಡೀಸೆಲ್ ಡಬ್ಬ ಇದೆ ಬೆನ್, ಇಲ್ಲಿ ಸೇದಲೇ?" ಎಂದ. ಹೀಗೆ ನಮ್ಮ ಸ್ನೇಹ ಶುರುವಾಯಿತು. ಅಲ್ಲಿಯವರು ಅಕ್ಕನಿಗೆ ಬೆನ್ ಎನ್ನುತ್ತಾರೆ, ದೋಣಿಗೆ ಹೋಡಿ ಎನ್ನುತ್ತಾರೆ. ನಮ್ಮ ಕಡೆಯ ಕೊಂಕಣಿಗರೂ ಹೋಡಿ ಎಂದೇ ಅನ್ನುವುದು. ಆ ಒಂದು ಶಬ್ದದಿಂದಾಗಿ ಖಾಖರಪಾಡಾದವರು ನನ್ನನ್ನು ಅರ್ಧ ತಮ್ಮವಳೆಂದು ಲೆಕ್ಕ ಹಾಕಿದರು.

ಆ ಊರಿನ ಸ್ಥಿತಿಯನ್ನು ಸುಮ್ಮನೆ ಹೇಳಿಬಿಡುತ್ತೇನೆ. ರೇಷನ್ ಅಂಗಡಿ ನೀರಿನ ಆಚೆ ದಡದಲ್ಲಿ. ಶಾಲೆಯ ಕಟ್ಟಡ ಇತ್ತು. ಮಾಸ್ತರರು ದೋಣಿಯಲ್ಲಿ ಜಾಗ ಸಿಕ್ಕ ದಿನ ಬರುತ್ತಿದ್ದರು, ಅಂದರೆ ನಮ್ಮ ಜೊತೆ ಬಂದು ನಮ್ಮ ಜೊತೆಯೇ ವಾಪಸ್ ಹೋಗುತ್ತಿದ್ದರು. ಮಳೆಗಾಲದಲ್ಲಿ ಸೌದೆ ಹತ್ತದೆ ಹಸಿ ಹಿಟ್ಟು ಕಲಸಿ ಕುಡಿದವರನ್ನು ನೋಡಿದ್ದೇನೆ. ಬೇಸಿಗೆಯಲ್ಲಿ ಅಷ್ಟು ದೊಡ್ಡ ಜಲಾಶಯದ ಪಕ್ಕದಲ್ಲಿದ್ದೂ, ಮರಳಿನಲ್ಲಿ ಕೈಯಿಂದ ತೋಡಿದ ಗುಂಡಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಊರಿನ ನೆತ್ತಿಯ ಮೇಲೆ ಕರೆಂಟಿನ ದೊಡ್ಡ ತಂತಿಗಳು ಗುಂಯ್‌ಗುಡುತ್ತ ಹೋಗುತ್ತಿದ್ದವು, ಸೂರತ್ತಿನ ಮಗ್ಗಗಳಿಗೋ ಅಹಮದಾಬಾದಿನ ನರೋಡಾದ ಕಾರ್ಖಾನೆಗಳಿಗೋ. ಕೆಳಗೆ ಹೆರಿಗೆ ಮಾಡಿಸಲು ನಾನು ಟಾರ್ಚು ಬಾಯಲ್ಲಿ ಕಚ್ಚಿಕೊಳ್ಳಬೇಕಿತ್ತು. ಇದನ್ನು ನೋಡಿ ಸಿಟ್ಟು ಬರದವರು ಈ ಕೆಲಸಕ್ಕೆ ಬರಬೇಡಿ. ಸಿಟ್ಟು ಬಂದವರು ಮೊದಲು ಕೈ ತೊಳೆದುಕೊಳ್ಳಿ, ಆಮೇಲೆ ಸಿಟ್ಟಾಗಿ.

ಈಗ ಕೆಸರಿನ ವಿಷಯ. ಮಳೆ ನಿಂತಾಗ ಹಿನ್ನೀರು ಖಾಖರಪಾಡಾದ ಗುಡಿಸಲುಗಳ ಬಳಿಯವರೆಗೆ ಬಂದು ನಿಲ್ಲುತ್ತದೆ. ಆಮೇಲೆ ಪ್ರತಿವಾರ ಹಿಂದೆ ಸರಿಯುತ್ತದೆ. ಚಳಿಗಾಲದಲ್ಲಿ ಗುಡ್ಡದ ಬುಡದ ಹೊಲ ದಾಟುತ್ತದೆ, ಬೇಸಿಗೆಯ ಕೊನೆಗೆ ಮೈಲಿಗಟ್ಟಲೆ ದೂರ ಹೋಗಿಬಿಡುತ್ತದೆ. ಬಿಟ್ಟುಹೋದ ನೆಲ ಮೊದಲು ಕೆಸರು, ತೊಡೆಯವರೆಗೆ ಹುಗಿಯುವಂಥದು. ಹಿಂದಿನದು ಒಣಗಿ ಗಟ್ಟಿಯಾಗುವಷ್ಟರಲ್ಲಿ ನೀರಿನ ಅಂಚಿನಲ್ಲಿ ಹೊಸ ಕೆಸರು ತಯಾರು. ಹಾಗಾಗಿ ಯಾವ ತಿಂಗಳಲ್ಲೇ ಆಗಲಿ, ಊರಿಗೂ ದೋಣಿಗೂ ನಡುವೆ ಒಂದು ಕೆಸರಿನ ಪಟ್ಟಿ ಇದ್ದೇ ಇರುತ್ತದೆ. ರೋಗಿಯನ್ನು ಸಾಯಿಸುವುದು ಆ ಪಟ್ಟಿ. ಬಿದಿರಿಗೆ ಕಟ್ಟಿದ ಜೋಲಿಯಲ್ಲಿ ಬಸುರಿಯನ್ನು ಹೊತ್ತು ತರುವ ನಾಲ್ವರು ಗಂಡಸರು ಒಂದೊಂದು ಹೆಜ್ಜೆಗೂ ಹೂತು, ಎದ್ದು, ಹೂತು ಬರುವುದನ್ನು ದೋಣಿಯಲ್ಲಿ ನಿಂತು ನೋಡಿದ್ದೇನೆ.

ಇದಕ್ಕೆ ಪರಿಹಾರವೇನೂ ಗಹನವಾದದ್ದಲ್ಲ. ಬಿದಿರಿನ ತಟ್ಟಿ ಹೆಣೆದು ಹಾಸಬೇಕು, ನೀರು ಸರಿದ ಹಾಗೆ ತಟ್ಟಿಯನ್ನೂ ಮುಂದಕ್ಕೆ ಸರಿಸುತ್ತ ಹೋಗಬೇಕು. ಹೆಣೆಯಲು ಊರವರು ತಯಾರಿದ್ದರು. ಬಿದಿರು ಕಡಿಯಲು ಪರವಾನಗಿ ಬೇಕು, ಅದನ್ನು ಆಫೀಸು ತೆಗೆಸಿಕೊಡಬೇಕು, ಅಷ್ಟೆ. ಸೇರಿದ ವರ್ಷದಿಂದಲೇ ನಾನು ಇದನ್ನು ಪ್ರತಿ ಮೀಟಿಂಗಿನಲ್ಲಿ ಹೇಳುತ್ತ ಬಂದೆ. ಆಗ ನಮ್ಮ ಮೇಲಿದ್ದವರು ವಡೋದರಾದ ಒಬ್ಬ ವಯಸ್ಸಾದ ಡಾಕ್ಟರ್ ಬೆನ್. ಸಿಡುಕಿನ ಮನುಷ್ಯೆ. ನನ್ನ ಕೈಯಲ್ಲಿ ಬಳೆ ಕಂಡರೆ, "ಮದುವೆಗೆ ಹೊರಟಿದ್ದೀಯಾ?" ಎಂದು ಎಲ್ಲರೆದುರು ಬಯ್ಯುತ್ತಿದ್ದರು. ಆದರೆ ಒಮ್ಮೆ ಖಾಖರಪಾಡಾಕ್ಕೆ ಬಂದು, ಸೀರೆ ಎತ್ತಿ ಕಟ್ಟಿ, ಸ್ವತಃ ಕೆಸರಿಗಿಳಿದು, ಚಪ್ಪಲಿ ಕಳಕೊಂಡು, ದೋಣಿ ಹತ್ತಿ, "ಪರವಾನಗಿ ತೆಗೆಸುತ್ತೇನೆ" ಎಂದಿದ್ದರು. ತೆಗೆಸುವ ಮೊದಲು ನಿವೃತ್ತರಾದರು.

ಅವರ ಜಾಗಕ್ಕೆ ಬೋಡಕ್‌ದೇವ್‌ನಿಂದ ಪರೇಶ್‌ಭಾಯಿ ಬಂದರು. ಡಾಕ್ಟರಲ್ಲ, ಮ್ಯಾನೇಜ್‌ಮೆಂಟ್ ಓದಿದವರು. ನಗುಮುಖ, ಎಲ್ಲರನ್ನೂ ಬೆನ್, ಭಾಯಿ ಎಂದು ಪ್ರೀತಿಯಿಂದ ಕರೆಯುವವರು. ಬಂದ ವರ್ಷವೇ ಖಾಖರಪಾಡಾಕ್ಕೆ ಲಸಿಕೆ ಇಡಲೆಂದು ಒಂದು ಫ್ರಿಜ್ ಕಳಿಸಿದರು. ಕರೆಂಟಿಲ್ಲ ಎಂದೆ. "ಬರುತ್ತೆ ಬೆನ್, ಬರುತ್ತೆ. ನಾವು ಮುಂದಾಲೋಚನೆ ಮಾಡಬೇಕು" ಎಂದರು. ಫ್ರಿಜ್ಜನ್ನು ಕೆಸರಿನಲ್ಲಿ ಹೊತ್ತು ಮೇಲೆ ತಂದ ನಾಲ್ವರು ಬಸುರಿಯರನ್ನು ಹೊತ್ತು ಇಳಿಸುತ್ತಿದ್ದ ನಾಲ್ವರೇ. ಊರಿನ ಮುದುಕಿ ರೇವಲಿ ಅದನ್ನು ತನ್ನ ಗುಡಿಸಲಿಗೆ ಹಾಕಿಸಿಕೊಂಡು ಜೋಳ ತುಂಬಿದಳು. "ನಿಮ್ಮ ಸಾಹೇಬರು ಒಳ್ಳೆಯವರು, ಸಿಸ್ಟರ್‌ಬೆನ್. ಇಲಿ ಬರದ ಕಣಜ ಕೊಟ್ಟಿದ್ದಾರೆ" ಎಂದಳು. ಊರೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಲಸಿಕೆಯನ್ನು ನಾನು ಐಸ್ ಡಬ್ಬದಲ್ಲೇ ಒಯ್ಯುತ್ತಿದ್ದೆ, ಆ ಐಸಿಗೆ ಮಾತ್ರ ಆಫೀಸು ಪ್ರತಿ ಸಲ ತಕರಾರು ತೆಗೆಯುತ್ತಿತ್ತು.

ಮುಂದಿನ ಮಳೆಗಾಲದ ಕೊನೆಗೆ ಜೆಟ್ಟಿ ಬಂತು. ನಮ್ಮ ಕರಾವಳಿಯವರಿಗೆ ಜೆಟ್ಟಿ ಗೊತ್ತು, ದೋಣಿ ಬಂದು ನಿಲ್ಲುವ ಕಟ್ಟೆ. ಕಬ್ಬಿಣ, ಸಿಮೆಂಟು, ಕಂಬ, ಮೆಟ್ಟಿಲು, ದಾನಿಗಳ ಹೆಸರು ಕೆತ್ತಲು ಕಪ್ಪು ಕಲ್ಲು. ಕಟ್ಟಿಸಲು ಬಂದ ಎಂಜಿನಿಯರ್ ಗದಗಿನ ಹುಡುಗ ಈರಣ್ಣ, ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಮೂವರು ಗೆಳೆಯರೊಂದಿಗೆ ಬಾಡಿಗೆಗಿದ್ದವನು. ಕನ್ನಡ ಕೇಳಿ ನನಗೆ ಸಂತೋಷವಾಯಿತು, ಜೆಟ್ಟಿಯ ಜಾಗ ನೋಡಿ ಸಂತೋಷ ಹೋಯಿತು. ಗುಡಿಸಲುಗಳ ಬಳಿ, ತುಂಬಿದ ನೀರಿನ ಅಂಚಿನಲ್ಲಿ ಕಂಬ ಏಳುತ್ತಿದ್ದವು.

"ಎಂತ ಮಾರಾಯಾ ಇದು? ಎರಡು ತಿಂಗಳಿಗೆ ನೀರು ಇಲ್ಲಿರೂದಿಲ್ಲ."

"ಗೊತ್ತೈತ್ರಿ ಅಕ್ಕಾರ" ಎಂದ. "ನಾ ಹೇಳೀನ್ರಿ. ವರ್ಷದ ನೀರಿನ ಲೆವೆಲ್ ಕೊಡ್ರಿ, ಆಮ್ಯಾಲೆ ಜಾಗಾ ಗುರ್ತ ಮಾಡೂಣು ಅಂದೆ. ಪರೇಶ್‌ಭಾಯಿ ಏನಂದ್ರ ಗೊತ್ತೇನ್ರಿ? ಫೋಟೋದಾಗ ಹಿಂದ ನೀರು ಕಾಣಬೇಕು, ನೀರು ಇರೂದ್ರಾಗ ಮುಗಸು ಅಂದ್ರು."

"ಮತ್ತೆ ನೀನು ಕಟ್ಟಿದೆ?"

"ಕಟ್ಟಲಿಲ್ಲಂದ್ರ ಇನ್ನೊಬ್ಬಾಂವ ಕಟ್ಟತಾನ್ರಿ. ಆಂವಾ ಸಿಮೆಂಟರೆ ಕಡಿಮಿ ಹಾಕತಾನ. ನಾ ಗಟ್ಟಿ ಹಾಕೀನಿ ನೋಡ್ರಿ, ನೂರು ವರ್ಷ ಅಳ್ಳಾಡಂಗಿಲ್ಲ."

ಅದೇ ತೊಂದರೆ ಎಂದೆ.

ದೀಪಾವಳಿಯ ಹೊತ್ತಿಗೆ ನೀರು ಜೆಟ್ಟಿಯ ಮೆಟ್ಟಿಲು ಬಿಟ್ಟಿತು. ಚಳಿಗಾಲದಲ್ಲಿ ಮಕ್ಕಳು ಅದರ ಕಂಬಕ್ಕೆ ಆಡು ಕಟ್ಟಿದರು. ಬೇಸಿಗೆಯಲ್ಲಿ ಹೆಂಗಸರು ಅದರ ಮೇಲೆ ಮಹುವಾ ಹೂ, ನಮ್ಮ ಹಿಪ್ಪೆ ಹೂ, ಒಣಗಿಸಿದರು. ಊರವರು ಅದಕ್ಕೆ ಸೂಕೋ ಘಾಟ್ ಎಂದು ಹೆಸರಿಟ್ಟರು, ಒಣಗಿದ ದೋಣಿಕಟ್ಟೆ ಎಂದು. ನಾವು ಆಗಲೂ ದೂರದ ನೀರಿನಂಚಿನಲ್ಲಿ ದೋಣಿ ನಿಲ್ಲಿಸಿ ಕೆಸರಿಗಿಳಿಯುತ್ತಿದ್ದೆವು. ಬಿದಿರಿನ ಪರವಾನಗಿ ಕೇಳಿದರೆ, "ಈಗ ಜೆಟ್ಟಿಯೇ ಇದೆಯಲ್ಲ ಬೆನ್" ಎಂಬ ಉತ್ತರ. ದಿನದಿನಕ್ಕೆ ಸರಿಯುವ ದಾರಿಗೆ ಕಪ್ಪು ಕಲ್ಲು ಹಾಕಲು ಬರುವುದಿಲ್ಲ, ಉದ್ಘಾಟನೆ ಮಾಡಲು ಬರುವುದಿಲ್ಲ. ಅದಕ್ಕೇ ಅದು ಆಗಲಿಲ್ಲ. ನಾನು ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಆ ಬೇಸಿಗೆಯಲ್ಲಿ ರೇವಲಿಯ ಸೊಸೆ ಜಮನಾ ತುಂಬು ಬಸುರಿ. ಅವಳ ಮೊದಲ ಹೆರಿಗೆ ನಾನು ಬರುವ ಮೊದಲು ಆಗಿತ್ತು. ಮಗು ಉಳಿಯಲಿಲ್ಲ, ರಕ್ತ ನಿಲ್ಲದೆ ಅವಳೂ ಸಾಯುವುದರಲ್ಲಿದ್ದಳು. ಹಾಗೆ ಒಮ್ಮೆ ರಕ್ತ ಹೋದವಳಿಗೆ ಎರಡನೇ ಸಲವೂ ಹೋಗಬಹುದು. ಅಂಥವಳು ಆಸ್ಪತ್ರೆಯಲ್ಲೇ ಹೆರಬೇಕು. ಇದು ನನ್ನ ಅಭಿಪ್ರಾಯವಲ್ಲ, ಕೆಲಸದ ಮೊದಲ ಪಾಠ. ದಿನ ಹತ್ತಿರವಾದಾಗ ಮುಂಚೆಯೇ ದೋಣಿಯಲ್ಲಿ ಕರೆದೊಯ್ದು, ಆಚೆ ದಡದ ನಮ್ಮ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದೆಂದು ಮಾತಾಗಿತ್ತು. ದೋಣಿಯಲ್ಲಾದರೆ ಒಂದು ಗಂಟೆಯ ದಾರಿ. ಕಾಡಿನ ಜಾಡಿನಲ್ಲಿ ಜೀಪಾದರೆ ಅರ್ಧ ದಿನ, ಅದೂ ಬೇಸಿಗೆಯಲ್ಲಿ ಮಾತ್ರ.

ರೇವಲಿ ಒಪ್ಪಲು ಸುಮಾರು ಸಮಯ ಹಿಡಿಯಿತು. "ಅಲ್ಲಿ ಇವಳಿಗೆ ರೊಟ್ಲಾ ಯಾರು ಕೊಡುತ್ತಾರೆ?" ಎಂದಳು. ನಾನೇ ಕೊಡುತ್ತೇನೆ ಎಂದೆ. "ನೀನು ಮಾಡಿದ ರೊಟ್ಲಾ ನೋಡಿದ್ದೇನೆ, ಸಿಸ್ಟರ್‌ಬೆನ್. ಬೇಡ. ನಾನೂ ಬರುತ್ತೇನೆ" ಎಂದಳು. ಸರಿ, ಇಬ್ಬರೂ ಬನ್ನಿ. ಮುಂದಿನ ವಾರ ದೋಣಿ ಬಂದಾಗ ಹೊರಡುವುದೆಂದು ನಿಶ್ಚಯವಾಯಿತು.

ಮುಂದಿನ ವಾರ ದೋಣಿ ಬರಲಿಲ್ಲ.

ಜೆಟ್ಟಿಯ ಉದ್ಘಾಟನೆಗೆ ದಾನಿಗಳಿಗೆ ಬಿಡುವು ಸಿಕ್ಕಿದ್ದು ಆ ವಾರವೇ. ಸೂರತ್ತಿನ ಸೀರೆ ವ್ಯಾಪಾರಿಗಳು, ಅಹಮದಾಬಾದಿನ ಕೆಲವರು. ಜೆಟ್ಟಿ ಎಂದಮೇಲೆ ಪಕ್ಕದಲ್ಲಿ ದೋಣಿ ಬೇಡವೇ? ನೀರಿಲ್ಲದಿದ್ದರೇನಾಯಿತು? ಪರೇಶ್‌ಭಾಯಿ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಬಣ್ಣ ಹೊಡೆಸಿ, ಟ್ರ್ಯಾಕ್ಟರಿನ ಹಿಂದೆ ಟ್ರೇಲರಿನಲ್ಲಿ ಕಾಡಿನ ಜಾಡಿನಲ್ಲಿ ಖಾಖರಪಾಡಾಕ್ಕೆ ಎಳೆಸಿಕೊಂಡು ಬಂದರು. ನಾನು ಫೋನಿನಲ್ಲಿ ಅರಚಾಡಿದೆ. ಬಸುರಿಯ ವಿಷಯ ಹೇಳಿದೆ. "ಒಂದೇ ವಾರ ಬೆನ್. ಒಂದು ವಾರ ತಡ್ಕೊಳ್ಳೋಕೆ ಹೇಳಿ" ಎಂದರು. ಹೊಟ್ಟೆಯಲ್ಲಿರುವ ಮಗುವಿಗೆ ಹೇಳಬೇಕಂತೆ. ಜೀಪಾದರೂ ಕಳಿಸಿ ಎಂದೆ. ಜೀಪುಗಳೆಲ್ಲ ಕುರ್ಚಿ, ಶಾಮಿಯಾನ ಸಾಗಿಸುವುದರಲ್ಲಿದ್ದವು.

ಉದ್ಘಾಟನೆಯ ದಿನ ಕುರ್ಚಿಗಳ ಜೊತೆ ನಾನೂ ಜೀಪಿನಲ್ಲಿ ಹೋದೆ. ಆ ದಿನ ಕಂಡದ್ದನ್ನು ಹೇಳುತ್ತೇನೆ. ಒಣಗಿ ಬಿರಿದ ನೆಲದ ನಡುವೆ ಸಿಮೆಂಟಿನ ಜೆಟ್ಟಿ. ಅದರ ಮೇಲೆ ಕೆಂಪು ಶಾಮಿಯಾನ. ಪಕ್ಕದಲ್ಲಿ ಟ್ರೇಲರಿನ ಮೇಲೆ ನಮ್ಮ ದೋಣಿ, ಹೊಸ ನೀಲಿ ಬಣ್ಣ, ಮೂತಿಗೆ ಚೆಂಡುಹೂವಿನ ಹಾರ. ರಮಣ್‌ಭಾಯಿಗೆ ಬಿಳಿ ಟೋಪಿ ಹಾಕಿಸಿ ದೋಣಿಯೊಳಗೆ ಕೂರಿಸಿದ್ದರು. ನನ್ನನ್ನು ಕಂಡು, "ಬೆನ್, ಈಗಲಾದರೂ ಬೀಡಿ ಸೇದಬಹುದಾ? ನೀರಂತೂ ಇಲ್ಲ" ಎಂದ. ಅವನ ಮುಖ ನಗುತ್ತಿರಲಿಲ್ಲ.

ಪರೇಶ್‌ಭಾಯಿ ಮೈಕಿನಲ್ಲಿ ಮಾತಾಡುತ್ತಿದ್ದಾಗ ರೇವಲಿ ಓಡಿ ಬಂದಳು. ಅತಿಥಿಗಳ ಕುರ್ಚಿಗಳ ನಡುವೆಯೇ ನುಗ್ಗಿ, "ಸಿಸ್ಟರ್‌ಬೆನ್, ಶುರುವಾಯಿತು. ನೀರು ಹೋಯಿತು" ಎಂದಳು. ಒಬ್ಬ ದಾನಿ ಪಕ್ಕದವರನ್ನು, "ಯಾವ ನೀರು?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು.

ಗುಡಿಸಲಿನೊಳಗೆ ಕತ್ತಲೆ, ಹೊಗೆ. ಜೆಟ್ಟಿಯ ಮೇಲೆ ನೆರಳು, ಬೆಳಕು, ತೊಳೆದ ನೆಲ. ಜಮನಾಳನ್ನು ಅಲ್ಲಿಗೇ ತರಿಸಿದೆ. ಶಾಮಿಯಾನದ ಪಕ್ಕದ ಬಟ್ಟೆ ಬಿಚ್ಚಿ ಹೆಂಗಸರು ಅಡ್ಡ ಹಿಡಿದರು. ಅತಿಥಿಗಳು ಕೆಳಗಿಳಿದು ಬಿಸಿಲಿಗೆ ಹೋದರು. ಹೆರಿಗೆ ಬೇಗ ಆಯಿತು. ಹೆಣ್ಣು ಮಗು, ಹುಟ್ಟಿದ ತಕ್ಷಣ ಅತ್ತಿತು. ಮಾಸು ಬಿತ್ತು. ಆಮೇಲೆ, ನಾನು ಹೆದರಿದ್ದ ಹಾಗೆಯೇ, ರಕ್ತ ಶುರುವಾಯಿತು.

ದೋಣಿಯ ಔಷಧಿ ಡಬ್ಬವನ್ನು ಬಣ್ಣ ಹೊಡೆಯುವಾಗ ತೆಗೆದು ಸೂರತ್ತಿನ ಗೋಡೌನಿನಲ್ಲಿ ಇಟ್ಟಿದ್ದರು. ನನ್ನ ಕೈಚೀಲ ಯಾವಾಗಲೂ ನನ್ನ ಹತ್ತಿರ ಇರುತ್ತದೆ. ಸೈನ್ಯದ ಅಭ್ಯಾಸ ಅದು, ನೀವೂ ಮಾಡಿಕೊಳ್ಳಿ. ಅದರಲ್ಲಿದ್ದ ಇಂಜೆಕ್ಷನ್ ಕೊಟ್ಟೆ. ಹೊಟ್ಟೆ ನೀವಿದೆ. ಗ್ಲೂಕೋಸ್ ಹಚ್ಚಿದೆ. ರಕ್ತ ಕಡಿಮೆಯಾಯಿತು, ನಿಲ್ಲಲಿಲ್ಲ. ನೀರಿಗಿಳಿಯಬೇಕಾದ ದೋಣಿ ಹಾರ ಹಾಕಿಕೊಂಡು ಟ್ರೇಲರಿನ ಮೇಲೆ ಕೂತಿತ್ತು.

"ಜೀಪು ಬೇಕು, ಈಗಲೇ" ಎಂದೆ.

ಪರೇಶ್‌ಭಾಯಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಬೆನ್, ಖಂಡಿತ ಕೊಡೋಣ. ರಿಬ್ಬನ್ ಒಂದು ಆಗಿಬಿಡಲಿ. ಮಹೆಮಾನರು ಬಿಸಿಲಲ್ಲಿ ನಿಂತಿದ್ದಾರೆ."

"ಇವಳು ರಕ್ತದಲ್ಲಿ ಮಲಗಿದ್ದಾಳೆ."

"ಹಾಗಲ್ಲ ಬೆನ್, ನೀವು ಭಾವುಕರಾಗಬೇಡಿ. ಜೀಪು ಅತಿಥಿಗಳದ್ದು. ಕೇಳದೆ ಹೇಗೆ..."

ಹಿಂದಿನಿಂದ ಈರಣ್ಣ ಕನ್ನಡದಲ್ಲಿ, "ಅಕ್ಕಾರ, ಅತಿಥಿಗಳ್ನ ಕರ್ಕೊಂಡ ಬಂದಾಂವ ನಾನ ರೀ. ಚಾವಿ ನನ್ನ ಕಿಸೇದಾಗ ಐತಿ. ನೀವು ಹತ್ರಿ, ಮಾತು ಆಮ್ಯಾಲೆ" ಎಂದ. ಪರೇಶ್‌ಭಾಯಿಗೆ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ರಮಣ್‌ಭಾಯಿ ದೋಣಿಯಿಂದ ಹಾರಿ, ಬಿಳಿ ಟೋಪಿ ಎಸೆದು, ಜೀಪಿನ ಹಿಂದಿನ ಸೀಟು ಕಿತ್ತು ಹೊರಗೆ ಹಾಕಿದ್ದ.

ಆ ದಾರಿಯನ್ನು ವರ್ಣಿಸುವುದಿಲ್ಲ. ಒಂದು ಮುಷ್ಟಿ ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ, ಗರ್ಭಕೋಶವನ್ನು ಎರಡರ ನಡುವೆ ಒತ್ತಿ ಹಿಡಿದು ಕೂತಿದ್ದೆ. ಪುಸ್ತಕದಲ್ಲಿ ಹೀಗೆ ಹಿಡಿಯಬೇಕು ಎಂದು ಇರುತ್ತದೆ, ಜೀಪು ಹಳ್ಳಕ್ಕೆ ಬಿದ್ದಾಗ ಹೇಗೆ ಹಿಡಿಯಬೇಕೆಂದು ಇರುವುದಿಲ್ಲ. ಈರಣ್ಣ ಬೆವರು ಒರೆಸಿಕೊಳ್ಳದೆ ಓಡಿಸಿದ. ರೇವಲಿ ಮಗುವನ್ನು ಎದೆಗವಚಿಕೊಂಡು ದಾರಿಯುದ್ದಕ್ಕೂ ಬಯ್ದಳು, ಜೆಟ್ಟಿಯನ್ನು, ಟ್ರ್ಯಾಕ್ಟರನ್ನು, ಪರೇಶ್‌ಭಾಯಿಯ ಏಳು ತಲೆಮಾರನ್ನು. ಜಮನಾಳ ಕಣ್ಣು ಮುಚ್ಚತೊಡಗಿದಾಗ ನಾನು, "ಡೋಸಿ, ಇನ್ನೂ ಜೋರಾಗಿ ಬಯ್ಯಿ, ಇವಳಿಗೆ ಕೇಳಲಿ" ಎಂದೆ. ಮುದುಕಿ ದನಿ ಏರಿಸಿದಳು. ಬಿಳಿಚಿದ ತುಟಿಯಲ್ಲಿ ಜಮನಾ, "ಬಾ, ಸಾಕು, ನಾಚಿಕೆಯಾಗುತ್ತೆ" ಎಂದಳು. ಅವರಲ್ಲಿ ಬಾ ಎಂದರೆ ಅಮ್ಮ, ಅತ್ತೆಯನ್ನೂ ಹಾಗೇ ಕರೆಯುತ್ತಾರೆ. ಮಾತಾಡಿದಳಲ್ಲ, ಅಷ್ಟು ಸಾಕಿತ್ತು ನನಗೆ.

ನಮ್ಮ ಆಸ್ಪತ್ರೆಯಿಂದ ಅವಳನ್ನು ಸೂರತ್ತಿಗೆ ಒಯ್ದರು. ಈರಣ್ಣನೂ ರಮಣ್‌ಭಾಯಿಯೂ ರಕ್ತ ಕೊಟ್ಟರು. ಜಮನಾ ಉಳಿದಳು. ಆದರೆ ಗರ್ಭಕೋಶ ಉಳಿಯಲಿಲ್ಲ. ಒಂದು ಗಂಟೆಯಲ್ಲಿ ತಲುಪಿದ್ದರೆ ಉಳಿಯುತ್ತಿತ್ತೆಂದು ಅಲ್ಲಿನ ಡಾಕ್ಟರು ನನ್ನ ಮುಖಕ್ಕೇ ಹೇಳಿದರು. ಆ ಮಾತನ್ನು ಯಾರಿಗೆ ಹೇಳಬೇಕಿತ್ತೋ ಅವರು ಅಲ್ಲಿರಲಿಲ್ಲ.

ಮಳೆಗಾಲದಲ್ಲಿ ನನ್ನನ್ನು ಬೋಡಕ್‌ದೇವ್‌ಗೆ ಕರೆಸಿದರು. ಜೀಪಿನ ವಿಷಯಕ್ಕೆ ಬಯ್ಯುತ್ತಾರೆಂದು ತಯಾರಾಗಿಯೇ ಹೋದೆ. ಪರೇಶ್‌ಭಾಯಿ ಎದ್ದು ನಿಂತು ಸ್ವಾಗತಿಸಿದರು, ಚಹಾ ತರಿಸಿದರು, ಹೊಳೆಯುವ ಕಾಗದದ ಒಂದು ಪುಸ್ತಿಕೆ ಮುಂದಿಟ್ಟರು. ದಾನಿಗಳಿಗಾಗಿ ಗುಜರಾತಿಯಲ್ಲಿ ಅಚ್ಚು ಹಾಕಿಸಿದ್ದು. ಮುಖಪುಟದಲ್ಲಿ ಜೆಟ್ಟಿ, ಹಿಂದೆ ನೀರು. ಒಳಗೆ ರೇವಲಿಯ ಕೈಯಲ್ಲಿ ಮಗು. ಕೆಳಗೆ ಬರೆದಿತ್ತು: ನಮ್ಮ ಜೆಟ್ಟಿಯ ಮೇಲೆ ಸುರಕ್ಷಿತ ಹೆರಿಗೆ, ಕೃತಜ್ಞರಾದ ಗ್ರಾಮಸ್ಥರು ಮಗುವಿಗೆ ಜೇಟಿ ಎಂದೇ ಹೆಸರಿಟ್ಟಿದ್ದಾರೆ. ಅವರ ಭಾಷೆಯಲ್ಲಿ ಜೆಟ್ಟಿಯನ್ನು ಬರೆಯುವುದು ಹಾಗೆ.

ಮಗುವಿನ ಹೆಸರು ಜೇಠಿ. ನಮ್ಮ ಜ್ಯೇಷ್ಠ ಮಾಸ ಅವರಿಗೆ ಜೇಠ್, ಮಳೆಗೆ ಮುಂಚಿನ ಸುಡುವ ತಿಂಗಳು. ಆ ತಿಂಗಳಲ್ಲಿ ಹುಟ್ಟಿದ ಹೆಣ್ಣುಮಗು ಜೇಠಿ. ಗುಜರಾತಿನಲ್ಲಿ ಇದು ಗೊತ್ತಿಲ್ಲದವರಿಲ್ಲ.

"ಪರೇಶ್‌ಭಾಯಿ, ನೀವು ಇಲ್ಲಿಯವರು. ಜೇಠ್ ಗೊತ್ತಿಲ್ಲವೇ ನಿಮಗೆ?"

ಅವರು ನಕ್ಕರು. "ಗೊತ್ತು ಬೆನ್. ನನ್ನ ಅಜ್ಜಿಯ ಹೆಸರೇ ಜೇಠಿಬಾ. ಪ್ರಿಂಟಿಂಗ್ ಮಿಸ್ಟೇಕ್ ಅಂದುಕೊಳ್ಳಿ, ಒಂದಕ್ಷರ ತಾನೇ? ಒಳ್ಳೇ ಮಿಸ್ಟೇಕು. ಇನ್ನೂ ಎರಡು ಜೆಟ್ಟಿಗೆ ದಾನಿಗಳು ಒಪ್ಪಿದ್ದಾರೆ."

ತಪ್ಪಾಗಿದ್ದರೆ ಕ್ಷಮಿಸುತ್ತಿದ್ದೆ. ಅವರು ತಿಳಿದೇ ಮಾಡಿದ್ದರು. ಚಹಾ ಮುಟ್ಟಲಿಲ್ಲ. ಒಂದೇ ಮಾತು ಹೇಳಿದೆ: "ಬಿದಿರಿನ ಪರವಾನಗಿ ಈ ವಾರ ಆಗಬೇಕು. ಯಾವ ಉದ್ಘಾಟನೆಗೂ ದೋಣಿ ನೀರು ಬಿಟ್ಟು ಮೇಲೆ ಬರಬಾರದು. ಇವೆರಡೂ ಆಗದಿದ್ದರೆ ಜೇಠ್ ಎಂದರೇನು, ಆ ದಿನ ದೋಣಿ ಎಲ್ಲಿತ್ತು, ಎರಡನ್ನೂ ದಾನಿಗಳಿಗೆ ನಾನೇ ಹೇಳುತ್ತೇನೆ."

ಅವರ ನಗು ನಿಂತಿತು. ಎಷ್ಟೋ ವರ್ಷ ಆಗದ ಪರವಾನಗಿ ಆ ವಾರ ಆಯಿತು. ದೀಪಾವಳಿಯ ಹೊತ್ತಿಗೆ ಖಾಖರಪಾಡಾದಲ್ಲಿ ಬಿದಿರಿನ ದಾರಿ ನೀರಿನ ಹಿಂದೆ ಹಿಂದೆ ಸರಿಯತೊಡಗಿತ್ತು. ನಾನು ನಿವೃತ್ತಳಾಗುವವರೆಗೆ ಜೇಠ್ ತಿಂಗಳಿನಲ್ಲಿ ದೋಣಿ ನೀರು ಬಿಡಲಿಲ್ಲ.

ಅದಕ್ಕಾಗಿ ನಾನು ಬಾಯಿ ಮುಚ್ಚಿಕೊಂಡಿರಬೇಕಾಯಿತು. ಆ ಪುಸ್ತಿಕೆ ಎಲ್ಲೆಲ್ಲಿಗೋ ಹೋಯಿತು, ತಿದ್ದಲಿಲ್ಲ. ಇಂಥ ವ್ಯಾಪಾರ ನಿಮಗೂ ಎದುರಾಗುತ್ತದೆ, ಹುಡುಗಿಯರೇ. ಆಗ ದೋಣಿಯನ್ನು ಆರಿಸಿಕೊಳ್ಳಿ. ಆದರೆ ಕೆಲಸ ಬಿಟ್ಟು ಹೊರಬಂದ ಮೇಲೆ ಮರೆಯದೆ ಹೇಳಿ. ಜಮನಾಳಿಗೆ ಇನ್ನೊಂದು ಮಗುವಿಲ್ಲ, ಇರುವುದು ಆ ಮಗಳೊಬ್ಬಳೇ. ಆ ಒಬ್ಬಳ ಹೆಸರಿನಿಂದ ಆಫೀಸು ಕಿತ್ತುಕೊಂಡದ್ದು ಒಂದು ಮಹಾಪ್ರಾಣ. ಅದನ್ನು ಇಲ್ಲಿ ವಾಪಸ್ ಕೊಡುತ್ತಿದ್ದೇನೆ. ಅವಳು ಜೇಠಿ. ಠ, ಹೊಟ್ಟೆಯಿಂದ ಉಸಿರು ತಂದು ಹೇಳಬೇಕು.